ಬಂಕರ್ ಇಲ್ಲದ ಮೂರು ಹೋಲ್‌ಗಳು: ನನ್ನ ಅನುಭವ

ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದ ಮೇಲಿನ ಖುಷ್ಕಿ ದಿಬ್ಬದಲ್ಲಿ ಮೂರು ಹೋಲ್‌ಗಳ, ಅಂದರೆ ಚೆಂಡು ಹೊಡೆಯುವ ಜಾಗದಿಂದ ಅದು ಬೀಳಬೇಕಾದ ಕುಳಿಯವರೆಗಿನ ಮೂರು ಹಾದಿಗಳ, ಗಾಲ್ಫ್ ಅಂಗಳ ಮಾಡಿಕೊಂಡ ಮೇಲೆ ಇದು ಐದನೆಯ ಮಳೆಗಾಲ. ಮೊದಲೆರಡು ವರ್ಷ ಗ್ರೀನ್, ಅಂದರೆ ಕುಳಿಯ ಸುತ್ತಲಿನ ಗಿಡ್ಡ ಹುಲ್ಲಿನ ಹಾಸು, ಪಾಚಿಗಟ್ಟಿದಾಗ, ಅಲ್ಲಿ ಕಾಳುಮೆಣಸು ಹಾಕಿದ್ದರೆ ಬಳ್ಳಿಯಾದರೂ ಹಬ್ಬುತ್ತಿತ್ತು ಎಂದು ನಕ್ಕವರೇ ಈ ಸಲ ಗೌರಿ ಹಬ್ಬದ ಹೊತ್ತಿಗೆ ಚೆಂಡನ್ನು ಕುಳಿಗೆ ಉರುಳಿಸುವ ಕೋಲಾದ ಪಟರ್ ಕೇಳಿಕೊಂಡು ಬಂದರು.

ಪುಸ್ತಕದ ಅಳತೆಯನ್ನು ನಂಬಿದ್ದೇ ನನ್ನ ಮೊದಲ ತಪ್ಪು. ನಾಲ್ಕು ಇಂಚು ಜಲ್ಲಿ, ಅದರ ಮೇಲೆ ಹನ್ನೆರಡು ಇಂಚು ಮರಳು ಎಂದು ಸುರಿಯುತ್ತಾ ಹೋಗಿ, ಒಂದೇ ಗ್ರೀನ್‌ಗೆ ಸುಮಾರು ಒಂದೂಮುಕ್ಕಾಲು ಲಕ್ಷ ಕೈಬಿಟ್ಟಿತು. ಪಕ್ಕದ ಎರಡು ಬಂಕರ್‌ಗಳ, ಅಂದರೆ ಚೆಂಡಿಗೆ ಅಡ್ಡಿಯಾಗಲೆಂದು ತೋಡಿದ ಗುಂಡಿಗಳ, ಮರಳಂತೂ ಜುಲೈ ತಿಂಗಳ ಒಂದೇ ರಾತ್ರಿಯ ಮಳೆಗೆ ತೋಟದ ಬಸಿಗಾಲುವೆ ಸೇರಿತು; ಅದನ್ನು ಎತ್ತಿಸಲು ಎರಡು ದಿನದ ಆಳುಕೂಲಿ ಬೇರೆ.

ದಾರಿ ತೋರಿಸಿದ್ದು ಇಂಗ್ಲೆಂಡಿನ ಸಸೆಕ್ಸ್‌ನಲ್ಲಿರುವ ರಾಯಲ್ ಆಶ್‌ಡೌನ್ ಫಾರೆಸ್ಟ್ ಗಾಲ್ಫ್ ಕ್ಲಬ್. ಲಿಂಕ್ಸ್ ಎಂಬ ಕಡಲ ತಡಿಯ ಗಾಲ್ಫ್ ಅಂಗಳಗಳ ಹೊಗಳಿಕೆಯ ನಡುವೆ ಹಿಂದೆ ಉಳಿದಿರುವ, 1888ರಲ್ಲಿ ಆರಂಭವಾದ ಈ ಒಳನಾಡಿನ ಕೋರ್ಸಿನಲ್ಲಿ ಮರಳಿನ ಬಂಕರ್ ಒಂದೂ ಇಲ್ಲ, ಏಕೆಂದರೆ ಆ ಕಾಡಿನ ನೆಲವನ್ನು ಬೇಕಾದಂತೆ ಅಗೆಯಲು ಅಲ್ಲಿನ ಕಟ್ಟಳೆ ಬಿಡುವುದಿಲ್ಲ. ಮಗಳ ಮನೆಗೆ ಹೋದಾಗ ಅಲ್ಲಿ ಒಂದು ಸುತ್ತು ಆಡಿದ್ದೆ. ಹೆದರ್ ಪೊದೆ, ತೊರೆ, ನೆಲದ ಏರಿಳಿತಗಳೇ ಅಲ್ಲಿನ ಕಾವಲು. ಆರನೆಯ ಹೋಲ್ ನೂರಿಪ್ಪತ್ತು ಗಜದ ಆಸುಪಾಸಿನದಷ್ಟೇ, ಆದರೆ ಗ್ರೀನ್ ಸುತ್ತ ನೀರು ಮತ್ತು ತಗ್ಗು ಇರುವುದರಿಂದ ಕೈ ನಡುಗುತ್ತದೆ. ಬಿಳಿ ಮರಳು ಎಚ್ಚರಿಸದ ಕಡೆ ಆಟಗಾರ ನೆಲವನ್ನೇ ಓದಬೇಕಾಗುತ್ತದೆ. ಬಂಕರ್ ಇಲ್ಲದಿರುವುದು ಕೊರತೆ ಎನ್ನುವವರು ಅಲ್ಲಿ ಆಡಿಲ್ಲವೆಂದೇ ನನ್ನ ಎಣಿಕೆ.

ಊರಿಗೆ ಬಂದವನೇ ಬಂಕರ್‌ಗಳನ್ನು ಮುಚ್ಚಿಸಿ, ಬಸಿಗಾಲುವೆಯನ್ನೇ ತಿರುಗಿಸಿ ಗ್ರೀನ್‌ಗಳ ಮುಂದೆ ಹಾಯಿಸಿದೆ. ಉಳಿದೆರಡು ಗ್ರೀನ್‌ಗಳನ್ನು ಅಲ್ಲಿನ ಕೆಮ್ಮಣ್ಣಿನಲ್ಲೇ ಏರಿಸಿ, ನೀರು ಇಂಗುವುದನ್ನು ಕಾಯದೆ ಎರಡು ದಿಕ್ಕಿಗೆ ಜಾರಿಹೋಗುವಂತೆ ನೂರಕ್ಕೆ ಎರಡರಷ್ಟು ಓರೆ ಕೊಟ್ಟೆ. ಹುಲ್ಲು ನಮ್ಮ ಗದ್ದೆಬದುವಿನ ಗರಿಕೆಯೇ. ಅದಕ್ಕೆ ನೆರಳು ಆಗದು, ಆದ್ದರಿಂದ ಮೂಡಣದ ಸಿಲ್ವರ್ ಓಕ್‌ಗಳ ಕೊಂಬೆ ಸವರಿಸಿದೆ. ಮಳೆಗಾಲದಲ್ಲಿ ಎಂಟು ಮಿಲಿಮೀಟರ್‌ಗಿಂತ ಕೆಳಗೆ ಕತ್ತರಿಸುವುದಿಲ್ಲ. ಎರಡೂ ಗ್ರೀನ್ ಸೇರಿ ಅರವತ್ತು ಸಾವಿರ ದಾಟಲಿಲ್ಲ. ಹುಲ್ಲಿನ ಮೇಲೆ ಉದುರಿಸುವ ಮಿಶ್ರಣದ ಪ್ರಮಾಣ ಮಾತ್ರ ನನ್ನಲ್ಲೇ ಇರಲಿ.

ನಡುವೆ ಟೀಗೆ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗಕ್ಕೆ, ಜಂಬಿಟ್ಟಿಗೆಯ ಪುಡಿ ಹಾಸಿ ನೋಡಿದ್ದೂ ಉಂಟು: ಬೇಸಿಗೆಯಲ್ಲಿ ಕಲ್ಲು, ಮಳೆಯಲ್ಲಿ ಕೆಂಪು ರಾಡಿ. ಹುಳು ಹುಡುಕುವ ಕಾಡುಹಂದಿಗಳು ಒಂದು ರಾತ್ರಿ ಎರಡನೆಯ ಗ್ರೀನನ್ನು ಉತ್ತುಹಾಕಿದವು. ಅವನ್ನು ದೂರವಿಟ್ಟ ಉಪಾಯವನ್ನು ತೋಟಕ್ಕೆ ಬಂದವರಿಗಷ್ಟೇ ಹೇಳುತ್ತೇನೆ.

ಕಳೆದ ತಿಂಗಳು ಶಿವಮೊಗ್ಗದ ಗೆಳೆಯರೊಬ್ಬರು, ಹ್ಯಾಂಡಿಕ್ಯಾಪ್ ಒಂಬತ್ತರವರು ಅಂದರೆ ಚೆನ್ನಾಗಿ ಪಳಗಿದ ಆಟಗಾರರು, ಮೂರನೆಯ ಹೋಲ್‌ನಲ್ಲಿ ಬಂಕರ್ ಎಲ್ಲಿ ಎಂದು ಕೇಳುತ್ತಲೇ ಮೂರು ಚೆಂಡುಗಳನ್ನು ಬಸಿಗಾಲುವೆಗೆ ಕೊಟ್ಟರು. ಎರಡು ಸಿಕ್ಕಿವೆ.