ಪರದೆ ಮೇಲೆ 1000.0 ಕೆಬಿ ಬರಬಾರದು

ಪಿಡಿಎಫ್, ಫೋಟೋ ಅಪ್‌ಲೋಡ್ ಮಾಡುವ ಒಂದು ಪುಟಕ್ಕೆ ನಾನು ಜಾವಾಸ್ಕ್ರಿಪ್ಟ್ ಬರೆಯುತ್ತಿದ್ದೆ. ಬ್ರೌಸರ್ ಫೈಲ್ ಸೈಜನ್ನು ಬೈಟ್‌ಗಳಲ್ಲಿ ಕೊಡುತ್ತದೆ. 4823449 ಅಂತ ಹಾಗೇ ತೋರಿಸಿದರೆ ಯಾರಿಗೆ ಅರ್ಥವಾಗುತ್ತೆ? 4.8 ಎಂಬಿ ಅಂದರೆ ತಕ್ಷಣ ಅಂದಾಜು ಸಿಗುತ್ತದೆ.

ಬೈಟ್‌ಗಳನ್ನು ಕೆಬಿ, ಎಂಬಿ ಮಾಡಲು 1000ದಿಂದ ಭಾಗಿಸಬೇಕೋ 1024ರಿಂದಲೋ ಅನ್ನೋದನ್ನು ಕೋಡ್ ಬರೆಯುವ ಮುಂಚೆಯೇ ತೀರ್ಮಾನ ಮಾಡಿಕೊಂಡೆ. ಡಿಸ್ಕ್ ಮಾಡುವವರ ಲೆಕ್ಕ 1000ದ್ದು. ವಿಂಡೋಸ್ 1024ರಿಂದ ಭಾಗಿಸಿಯೂ ಜಿಬಿ ಅಂತಲೇ ಬರೆಯುತ್ತದೆ. ಅದಕ್ಕೇ 500 ಜಿಬಿ ಡಿಸ್ಕ್ ಅಲ್ಲಿ 465 ಜಿಬಿ ಅಂತ ಕಾಣುವುದು. ಮ್ಯಾಕ್ 2009ರ ಸ್ನೋ ಲೆಪರ್ಡ್‌ನಿಂದ 1000ಕ್ಕೆ ಬಂತು. 1024ರ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್ ಅನ್ನೋ ಹೆಸರುಗಳು 1998ರಿಂದಲೇ ಇವೆ. ಆದರೆ ನನ್ನ ಪುಟ ಬಳಸುವವರು ಅವನ್ನು ಕೇಳಿಯೇ ಇರಲ್ಲ. ನಾನು 1000 ಆರಿಸಿದೆ.

ಯಾವ ಯೂನಿಟ್ ಅಂತ ಕಂಡುಹಿಡಿಯಲು ತುಂಬಾ ಜನ ಲಾಗರಿದಮ್ ಬಳಸುತ್ತಾರೆ. ನನಗೆ ಅದು ಇಷ್ಟವಿಲ್ಲ. ಖಾಲಿ ಫೈಲ್ ಬಂದರೆ ಸೊನ್ನೆಯ ಲಾಗ್ ಮೈನಸ್ ಇನ್ಫಿನಿಟಿ ಆಗುತ್ತದೆ. ಅದನ್ನು ಬೇರೆಯಾಗಿ ನೋಡಿಕೊಳ್ಳದಿದ್ದರೆ ಪರದೆ ಮೇಲೆ 'ನ್ಯಾನ್ ಅನ್‌ಡಿಫೈನ್ಡ್' (ಅಂದರೆ ಸಂಖ್ಯೆಯೂ ಅಲ್ಲ, ಯೂನಿಟ್ಟೂ ಇಲ್ಲ) ಅಂತ ಬಂದು ಕೂರುತ್ತದೆ. ಒಂದು ಸಣ್ಣ ಲೂಪ್ ಸಾಕು: ಸಂಖ್ಯೆ 1000 ಅಥವಾ ಜಾಸ್ತಿ ಇರುವವರೆಗೂ ಭಾಗಿಸುತ್ತಾ, ಮುಂದಿನ ಯೂನಿಟ್‌ಗೆ ಹೋಗುತ್ತಾ ಇರುವುದು. ಓದುವವರಿಗೂ ಸುಲಭ.

ಆದರೆ 999999 ಬೈಟ್ ಕೊಟ್ಟು ನೋಡಿ. ಒಂದು ಸಲ ಭಾಗಿಸಿದರೆ 999.999. ಅದು 1000ಕ್ಕಿಂತ ಕಡಿಮೆ, ಲೂಪ್ ಅಲ್ಲೇ ನಿಲ್ಲುತ್ತದೆ. ಆಮೇಲೆ ಒಂದು ದಶಮಾಂಶಕ್ಕೆ ರೌಂಡ್ ಮಾಡಿದರೆ 1000.0 ಕೆಬಿ! ಬರಬೇಕಾದದ್ದು 1.0 ಎಂಬಿ ಅಲ್ವಾ? ಹಾಗಾಗಿ ನನ್ನ ಲೂಪ್ ಪರೀಕ್ಷಿಸುವುದು ರೌಂಡ್ ಮಾಡಿದ ಬೆಲೆಯನ್ನು. 999949 ಕೊಟ್ಟರೆ 999.9 ಕೆಬಿ, 999999 ಕೊಟ್ಟರೆ 1.0 ಎಂಬಿ. ಟೆಸ್ಟ್‌ನಲ್ಲಿ ಈ ಎರಡೂ ಇರಲೇಬೇಕು. ಜೊತೆಗೆ 0, 999, 1000. ಬರೀ ಬೈಟ್ ಇದ್ದಾಗ ದಶಮಾಂಶ ಬೇಡ, 12.0 ಬೈಟ್ ಅನ್ನೋದಕ್ಕೆ ಅರ್ಥವಿಲ್ಲ.

ಹೀಗೆ ತಯಾರಾದ ಪಠ್ಯವನ್ನು ತೋರಿಸಲು ಮಾತ್ರ ಬಳಸುತ್ತೇನೆ. ಸಾರ್ಟ್ ಮಾಡುವುದು ಮೂಲ ಬೈಟ್ ಸಂಖ್ಯೆಯ ಮೇಲೆ. ಪಠ್ಯದ ಮೇಲೆ ಸಾರ್ಟ್ ಮಾಡಿದರೆ ಮೊದಲ ಅಕ್ಷರ ನೋಡಿ 9ಕ್ಕಿಂತ 1 ಮುಂಚೆ ಅಂತ 10 ಜಿಬಿ ಫೈಲ್ 9 ಎಂಬಿಗಿಂತ ಮುಂಚೆ ಬರುತ್ತದೆ.

ಅಪ್‌ಲೋಡ್ ಮಿತಿಯೂ ಅದೇ ಲೆಕ್ಕದಲ್ಲಿರಬೇಕು. ಮಿತಿ 5 ಎಂಬಿ ಅಂತ ಹೇಳಿ ಕೋಡ್‌ನಲ್ಲಿ 5242880 ಬರೆದರೆ, 5.2 ಎಂಬಿ ಅಂತ ಕಾಣುವ ಫೈಲ್ ಕೂಡ ಒಳಗೆ ಹೋಗುತ್ತದೆ. ನಾನು 5000000 ಇಟ್ಟೆ. ಇನ್ನು 5020000 ಬೈಟ್‌ನ ಫೈಲ್ ಬಂದರೆ? '5.0 ಎಂಬಿ ಇದೆ, 5 ಎಂಬಿ ಮೀರಿದೆ' ಅಂದರೆ ಓದಿದವರು ಏನು ಮಾಡಬೇಕು? ಅದಕ್ಕೆ ಆ ಎಚ್ಚರಿಕೆ ಸಂದೇಶದಲ್ಲಿ ಮಾತ್ರ ಎರಡು ದಶಮಾಂಶ ಇಟ್ಟಿದ್ದೇನೆ: 5.02 ಎಂಬಿ.