ಡೆಫಿನಿಷನ್ ಇಲ್ಲದೆ ವರ್ಬ್ ಕಲಿಸಿದ್ದು: ನನ್ನ ಅನುಭವ

ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುವ ನಾವೆಲ್ಲ ವರ್ಬ್ ಪಾಠವನ್ನು ಒಂದೇ ಥರ ಶುರು ಮಾಡುತ್ತೇವೆ. ಮೇನ್, ಹೆಲ್ಪಿಂಗ್, ಮೋಡಲ್, ಟ್ರಾನ್ಸಿಟಿವ್ ಅಂತ ಬೋರ್ಡಿನ ಮೇಲೆ ಬರೆದು ಡೆಫಿನಿಷನ್ ಬರೆಸುತ್ತೇವೆ. ಮಕ್ಕಳು ಅದನ್ನು ಗಡಗಡ ಒಪ್ಪಿಸುತ್ತಾರೆ. ಆಮೇಲೆ ‘ವೇರ್ ಡಿಡ್ ಯು ಗೋ?’ ಅನ್ನುವ ಬದಲು ‘ವೇರ್ ಯು ವೆಂಟ್?’ ಅಂತಲೇ ಕೇಳುತ್ತಾರೆ.

ನಾನು ಡೆಫಿನಿಷನ್ ಬಿಟ್ಟೆ. ಎಸ್‌ಎಸ್‌ಎಲ್‌ಸಿ ಬ್ಯಾಚಿಗೆ ಇದೇನು ಆಟ ಅಂತ ಜೊತೆಯವರು ತಲೆ ಅಲ್ಲಾಡಿಸಿದರು.

ನನ್ನ ಪರೀಕ್ಷೆ ಒಂದೇ. ವಾಕ್ಯವನ್ನು ಪ್ರಶ್ನೆ ಮಾಡಿದಾಗ ಎದ್ದು ಮುಂದೆ ಬರುವುದು ಕೆಂಪು ಕಾರ್ಡು, ಉಳಿದ ವರ್ಬೆಲ್ಲ ಬಿಳಿ. ಆಮ್, ಈಸ್, ಆರ್, ವಾಸ್, ವರ್ ಐದು. ಕ್ಯಾನ್, ಮೇ, ವಿಲ್ ಥರದ ಮೋಡಲ್ ಒಂಬತ್ತು. ಹ್ಯಾವ್, ಹ್ಯಾಸ್, ಹ್ಯಾಡ್ ಮೂರು. ಡು, ಡಝ್, ಡಿಡ್ ಮೂರು. ಒಟ್ಟು 20. ಆಟ್ ಟು, ನೀಡ್, ಡೇರ್ ಹೈಸ್ಕೂಲಿಗೆ ಸದ್ಯಕ್ಕೆ ಬೇಡ.

ಮಕ್ಕಳು ಕಾರ್ಡು ಹಿಡಿದು ಸಾಲಾಗಿ ನಿಲ್ಲುತ್ತಾರೆ. ‘ಶಿ ಕ್ಯಾನ್ ಸಿಂಗ್’ ಅಂದರೆ ಕ್ಯಾನ್ ಹಿಡಿದವನು ಮುಂದೆ ಬರುತ್ತಾನೆ. ‘ಶಿ ಸಿಂಗ್ಸ್’ ಸಾಲಿನಲ್ಲಿ ಕೆಂಪೇ ಇಲ್ಲ, ಅಲ್ವಾ? ಆಗ ಬಾಗಿಲ ಹತ್ತಿರ ಕಾಯುತ್ತಿರುವ ಡು ಓಡಿ ಬರುತ್ತದೆ. ಸಿಂಗ್ಸ್ ಕೈಯಿಂದ ‘ಎಸ್’ ಚೀಟಿ ಕಿತ್ತುಕೊಂಡು ತಾನು ಡಝ್ ಆಗುತ್ತದೆ. ಆ ಚೀಟಿ ಕೈ ಬದಲಾಯಿಸಿದ್ದನ್ನು ಕಣ್ಣಾರೆ ನೋಡಿದ ಮಗು ಮತ್ತೆ ‘ಡಝ್ ಶಿ ಸಿಂಗ್ಸ್’ ಅಂದಿದ್ದು ತೀರಾ ಕಮ್ಮಿ. ‘ನಾಟ್’ ಹಿಡಿದವರು ಯಾವಾಗಲೂ ಕೆಂಪಿನ ಬೆನ್ನ ಹಿಂದೆ.

ಹ್ಯಾವ್, ಡು ಎರಡೂ ಬಿಳಿಯೂ ಆಗುತ್ತವೆ. ‘ಡಿಡ್ ಯು ಡು ಯುವರ್ ಹೋಮ್‌ವರ್ಕ್’ ವಾಕ್ಯದಲ್ಲಿ ಒಂದು ಡು ಕೆಂಪು, ಇನ್ನೊಂದು ಬಿಳಿ. ಇಲ್ಲಿ ಗಲಾಟೆ ಆಗದಂತೆ ಕಾರ್ಡು ಮಾಡುವ ಉಪಾಯ ನನ್ನ ಹತ್ತಿರವೇ ಇರಲಿ.

ದುಡ್ಡಿನ ಮಾತು. ಮೊದಲು ಫ್ಲೆಕ್ಸ್ ಚಾರ್ಟ್ ಹಾಕಿಸಿದ್ದೆ, ಎಂಟುನೂರರ ಹತ್ತಿರ ಹೋಯಿತು. ವಾರ ಕಳೆದ ಮೇಲೆ ಯಾರೂ ಅದರ ಕಡೆ ತಿರುಗಲಿಲ್ಲ. ಆಮೇಲೆ ಲ್ಯಾಮಿನೇಷನ್ ಕಾರ್ಡು, ಆರುನೂರೋ ಏಳುನೂರೋ. ಟ್ಯೂಬ್‌ಲೈಟಿನ ಕೆಳಗೆ ಫಳಫಳ ಹೊಳೆದು ಹಿಂದಿನ ಬೆಂಚಿಗೆ ಅಕ್ಷರವೇ ಕಾಣುತ್ತಿರಲಿಲ್ಲ. ಈಗ ಲಗ್ನಪತ್ರಿಕೆ ಪ್ರೆಸ್ಸಿನಿಂದ ಕತ್ತರಿಸಿ ಉಳಿದ ದಪ್ಪ ಕಾಗದ ತರುತ್ತೇನೆ. ಮಾರ್ಕರ್ ಸೇರಿ ನೂರೈವತ್ತು ರೂಪಾಯಿ ದಾಟುವುದಿಲ್ಲ.

ಟ್ರಾನ್ಸಿಟಿವ್‌ಗೆ, ಅಂದರೆ ಕರ್ಮ ಬೇಡುವ ವರ್ಬಿಗೆ, ಬೇರೆ ದಾರಿ ಹಿಡಿದೆ. ನಮ್ಮ ‘ಇಸು’ ಇದೆಯಲ್ಲ, ಅದನ್ನೇ ಬಳಸಿದೆ. ಕರಗು, ಕರಗಿಸು. ಬೆಳೆ, ಬೆಳೆಸು. ಇಂಗ್ಲಿಷಿನಲ್ಲಿ ಮೆಲ್ಟ್, ಗ್ರೋ ಎರಡು ಕೆಲಸವನ್ನೂ ತಾವೇ ಮಾಡುತ್ತವೆ. ಏಳು, ಎಬ್ಬಿಸು ಜೋಡಿಯ ಥರ ರೈಸ್, ರೇಝ್ ಬೇರೆ ಬೇರೆ. ಲೈ, ಲೇ ಕೂಡ ಹಾಗೇ. ಆದರೆ ಮಲಗಿಸು ಬಂದಾಗ ಎಲ್ಲರೂ ‘ಶಿ ಸ್ಲೆಪ್ಟ್ ದ ಬೇಬಿ’ ಅಂದರು. ‘ಪುಟ್ ದ ಬೇಬಿ ಟು ಸ್ಲೀಪ್’ ಅಂತ ಬೇರೆಯಾಗಿಯೇ ಹೇಳಿಸಬೇಕಾಯಿತು. ಹೀಗೆ ಇಸು ಹಾಕಿ ನೋಡಬೇಕಾದ ಅರವತ್ತು ಎಪ್ಪತ್ತು ಜೋಡಿ ಕೂಡಿಸಿಟ್ಟಿದ್ದೇನೆ. ಇಷ್ಟು ಯಾರೂ ಕೂಡಿಸಿರಲಾರರು ಅನ್ನುವ ಹೆಮ್ಮೆ ನನಗಿದೆ.

ಇನ್ನೂ ಪೂರ್ತಿ ಕೈಗೆ ಸಿಗದಿರುವುದು ‘ಐಎನ್‌ಜಿ’ ಬೇಡದ ಕಡೆ ಹಾಕುವ ತಪ್ಪು: ‘ಐ ಆಮ್ ನೋಯಿಂಗ್’, ‘ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್’. ನೋ, ಲೈಕ್, ಬಿಲೀವ್ ಕಾರ್ಡಿನ ಮೂಲೆ ಕತ್ತರಿಸಿ, ‘ಐಎನ್‌ಜಿ’ ಕ್ಲಿಪ್ ಸಿಕ್ಕಿಸಲು ಜಾಗವೇ ಇಲ್ಲದಂತೆ ಮಾಡಿದೆ. ಅದು ನಡೆಯಿತು. ಥಿಂಕ್ ಬಂದಾಗ ಕೆಟ್ಟಿತು, ಅದಕ್ಕೆ ಎರಡೂ ನಡೆಯುತ್ತದೆ. ‘ಐ ಥಿಂಕ್ ಹಿ ಈಸ್ ರೈಟ್’ ಸರಿ, ‘ಐ ಆಮ್ ಥಿಂಕಿಂಗ್ ಅಬೌಟ್ ಇಟ್’ ಕೂಡ ಸರಿ.

ಮೂವತ್ತರ ಹತ್ತಿರದ ಬ್ಯಾಚಿನಲ್ಲಿ ದಸರಾ ರಜೆಯ ಹೊತ್ತಿಗೆ ಇಪ್ಪತ್ತಕ್ಕಿಂತ ಜಾಸ್ತಿ ಮಕ್ಕಳು ಪ್ರಶ್ನೆಯನ್ನು ಸರಿಯಾಗಿ ಕೇಳುತ್ತಿದ್ದರು. ತಲೆ ಅಲ್ಲಾಡಿಸಿದವರಲ್ಲಿ ಇಬ್ಬರು ಈಗ ನನ್ನ ಕೆಂಪು ಕಾರ್ಡುಗಳನ್ನೇ ಎರವಲು ಒಯ್ಯುತ್ತಾರೆ. ಮುಂದಿನ ಬ್ಯಾಚಿಗೆ ಥಿಂಕ್‌ಗೆ ಎರಡು ಕಾರ್ಡು ಮಾಡಿ ನೋಡಬೇಕು, ಒಂದಕ್ಕೆ ಮೂಲೆ ಇರುವುದು, ಒಂದಕ್ಕೆ ಇಲ್ಲದ್ದು.