ಕಡಲಿನಿಂದ ಕೆರೆಗೆ ಬಂದ ದೋಣಿಯ ತಳಕ್ಕೆ ಬಣ್ಣ

ದೊಡ್ಡ ಕೆರೆಯಿರುವ ಕಾಫಿ ತೋಟದವರಿಗೆ ಒಂದು ಸಣ್ಣ ದೋಣಿಯಿದ್ದರೆ ಅನುಕೂಲ. ಪಂಪಿನ ಫುಟ್‌ವಾಲ್ವಿಗೆ ಸುತ್ತಿಕೊಂಡ ಕಳೆಯನ್ನು ಬಿಡಿಸುವುದಕ್ಕೆ, ಅಂತರಗಂಗೆಯನ್ನು ದಡಕ್ಕೆ ಎಳೆದು ತರುವುದಕ್ಕೆ, ಮೀನಿಗೆ ಬಲೆ ಬಿಡುವುದಕ್ಕೆ ಅದು ಬೇಕಾಗುತ್ತದೆ. ಕೊಡಗಿನ ನಮ್ಮ ತೋಟಕ್ಕೆ ನಾನು ಕೊಂಡು ತಂದದ್ದು ಉಡುಪಿ ಕಡೆಯ ಅಳಿವೆಯೊಂದರಲ್ಲಿ ಓಡಾಡಿದ್ದ 14 ಅಡಿಯ ಹಳೆಯ ಫೈಬರ್ ದೋಣಿ. ಲಾರಿಯಲ್ಲಿ ಸಂಪಾಜೆ ಘಾಟಿ ಹತ್ತಿ ಬಂದ ಅದರ ತಳಕ್ಕೆ ಕಡಲ ದೋಣಿಗಳಿಗೆ ಹಚ್ಚುವ ಕೆಂಪು ಬಣ್ಣ ಪದರ ಪದರವಾಗಿ ಮೆತ್ತಿಕೊಂಡಿತ್ತು. ಮಾರಿದವರು ಅದೇ ಬಣ್ಣದ ಮೇಲೆ ಇನ್ನೊಂದು ಕೈ ಹೊಡೆದುಬಿಡಿ ಎಂದು ಹೇಳಿದ್ದರು. ನಾನು ಅದನ್ನು ಪೂರ್ತಿಯಾಗಿ ತೆಗೆದು, ಬೇರೆಯದೇ ಬಣ್ಣ ಬಳಿಯಲು ನಿರ್ಧರಿಸಿದೆ.

ಆ ಕೆಂಪು ಬಹುಮಟ್ಟಿಗೆ ಕ್ಯೂಪ್ರಸ್ ಆಕ್ಸೈಡ್ ಎಂಬ ತಾಮ್ರದ ಸಂಯುಕ್ತದ್ದು. ಸಮುದ್ರದಲ್ಲಿ ನಿಂತ ದೋಣಿಯ ತಳಕ್ಕೆ ಬಾರ್ನಕಲ್ ಎಂಬ ಸುಣ್ಣದ ಚಿಪ್ಪಿನ ಜೀವಿಗಳೂ ನೀಲಿಕಲ್ಲು ಎಂಬ ಚಿಪ್ಪುಮೀನುಗಳೂ ಅಂಟಿ ಬೆಳೆಯುತ್ತವೆ; ಅವುಗಳ ಮರಿಗಳು ನೆಲೆಯೂರದಂತೆ ತಾಮ್ರವು ಬಣ್ಣದಿಂದ ನಿಧಾನವಾಗಿ ನೀರಿಗೆ ಬಿಡುಗಡೆಯಾಗುತ್ತಿರಬೇಕು, ಈ ಬಣ್ಣದ ಕೆಲಸವೇ ಅದು. ಹಿಂದೆ ಇದಕ್ಕೆ ಟ್ರೈಬ್ಯುಟೈಲ್‌ಟಿನ್ ಎಂಬ ತವರದ ಸಂಯುಕ್ತವನ್ನು ಬಳಸುತ್ತಿದ್ದರು; ಅದು ಶಂಖ, ಸಿಂಪಿಗಳ ಸಂತತಿಯನ್ನೇ ಕೆಡಿಸಿದ್ದರಿಂದ 2008ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದವು ಅದನ್ನು ಹಡಗುಗಳ ಮೇಲೆ ನಿಷೇಧಿಸಿತು. ತಾಮ್ರ ಉಳಿಯಿತು. ಆದರೆ ಬಾರ್ನಕಲ್ ಬೆಳೆಯುವುದು ಉಪ್ಪುನೀರಿನಲ್ಲಿ, ಇಲ್ಲವೇ ಅಳಿವೆಯ ಚೌಳುನೀರಿನಲ್ಲಿ. ನಮ್ಮ ಕೆರೆಯಲ್ಲಿ ತಳಕ್ಕೆ ಹತ್ತುವುದು ಪಾಚಿ ಮತ್ತು ಲೋಳೆ ಮಾತ್ರ. ಇನ್ನು ತಾಮ್ರದ ವಿಷಯವನ್ನು ಕಾಫಿ ಬೆಳೆಗಾರರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ತಾಮ್ರದ ಲವಣವಾದ ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಗಿಡದ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವ ನಾವು, ಆ ಡ್ರಮ್ಮನ್ನು ಕೆರೆಯಲ್ಲಿ ತೊಳೆಯಲು ಯಾರನ್ನೂ ಬಿಡುವುದಿಲ್ಲ. ಕೊಡಗಿನ ಮಳೆನೀರಿನಂಥ ಗಡಸಿಲ್ಲದ ನೀರಿನಲ್ಲಿ ತಾಮ್ರವು ಮೀನಿಗೆ ಇನ್ನಷ್ಟು ವಿಷ. ಕೋಡಿ ಬಿದ್ದರೆ ನಮ್ಮ ಕೆರೆಯ ನೀರು ತೋಡಿನ ಮೂಲಕ ಕಾವೇರಿಗೇ ಸೇರುವುದರಿಂದ, ಪಾಚಿಯೊಂದರ ಸಲುವಾಗಿ ವಿಷದ ಬಣ್ಣವನ್ನು ಉಳಿಸಿಕೊಳ್ಳುವುದು ನನಗೆ ಸರಿಕಾಣಲಿಲ್ಲ.

ತೆಗೆಯುವ ಕೆಲಸವೇ ಎಲ್ಲಕ್ಕಿಂತ ಹೆಚ್ಚು ಬೆವರು ಹರಿಸಿತು. ಈ ಬಣ್ಣವನ್ನು ಒಣದಾಗಿ ಉಜ್ಜಕೂಡದು. ಏಳುವ ಧೂಳಿನಲ್ಲಿ ತಾಮ್ರವಿರುತ್ತದೆ ಮತ್ತು ಅದು ಉಸಿರಿನೊಂದಿಗೆ ಒಳಹೋಗುತ್ತದೆ. ಕಾಫಿ ಒಣಗಿಸುವ ಕಣ ಖಾಲಿಯಾದ ಮೇಲೆ, ಕೆರೆಯಿಂದ ದೂರವಿರುವ ಅದರ ಮೂಲೆಯಲ್ಲಿ ಅಂಚು ಎತ್ತಿ ಕಟ್ಟಿದ ಟಾರ್ಪಾಲು ಹಾಸಿ, ಅದರ ಮೇಲೆ ಹಳೆಯ ಟೈರುಗಳನ್ನಿಟ್ಟು ದೋಣಿಯನ್ನು ಬೋರಲು ಹಾಕಿಸಿದೆ. ಮೊದಲು ಕಾರ್ಬೈಡ್ ಅಲಗಿನ ಸ್ಕ್ರೇಪರಿನಿಂದ ದಪ್ಪ ಪದರವನ್ನು ಕೆರೆದು, ಆಮೇಲೆ 80 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ಅದ್ದಿ ಉಜ್ಜಿದೆವು. ಅಂಗಡಿಯವರು ಬಣ್ಣ ಕರಗಿಸುವ ದ್ರಾವಣವನ್ನು ಕೊಡಲು ಬಂದರೂ ನಾನು ಕೊಳ್ಳಲಿಲ್ಲ. ಮರಕ್ಕೂ ಕಬ್ಬಿಣಕ್ಕೂ ಹಚ್ಚುವ ಆ ದ್ರಾವಣಗಳು ಫೈಬರಿನ ಹೊರಮೈಯಾದ ಜೆಲ್‌ಕೋಟನ್ನೂ ಮೆತ್ತಗಾಗಿಸಿಬಿಡುತ್ತವೆ. ಟಾರ್ಪಾಲಿನಲ್ಲಿ ನಿಂತ ಕೆಂಪು ಕೆಸರನ್ನು ಗಿಡದ ಬುಡಕ್ಕೆ ಸುರಿಯದೆ, ಮುಚ್ಚಳವಿರುವ ಡ್ರಮ್ಮಿಗೆ ತುಂಬಿ ಪ್ರತ್ಯೇಕವಾಗಿ ಇಡಿಸಿದೆ.

ಕೆಂಪು ಹೋದ ಮೇಲೆ ಕಂಡದ್ದು ಗುಳ್ಳೆಗಳು. ಸಿಹಿನೀರು ಫೈಬರಿಗೆ ಉಪ್ಪುನೀರಿಗಿಂತ ಮೃದುವೆಂದು ಹಲವರು ತಿಳಿದಿರುತ್ತಾರೆ; ನಿಜಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಜೆಲ್‌ಕೋಟಿನ ಮೂಲಕ ನೀರು ಸ್ವಲ್ಪಸ್ವಲ್ಪವಾಗಿ ಒಳಗೆ ಇಳಿದು, ಫೈಬರಿನ ಎಳೆಗಳನ್ನು ಹಿಡಿದಿಡುವ ರಾಳದಲ್ಲಿ ಉಳಿದಿರುವ ಕರಗುವ ಪದಾರ್ಥಗಳೊಂದಿಗೆ ಬೆರೆತು ಗಾಢ ದ್ರವವಾಗುತ್ತದೆ. ಹೊರಗಿನ ನೀರು ಎಷ್ಟು ತಿಳಿಯೋ ಅಷ್ಟು ರಭಸದಿಂದ ಅದು ಆ ದ್ರವದ ಕಡೆಗೆ ನುಗ್ಗಿ ಗುಳ್ಳೆ ಎಬ್ಬಿಸುತ್ತದೆ. ಹೀಗಾಗಿ ಕೆರೆಯಲ್ಲಿಡುವ ದೋಣಿಗೆ ವಿಷದ ಬಣ್ಣಕ್ಕಿಂತ ನೀರು ತಡೆಯುವ ಬಣ್ಣವೇ ಮುಖ್ಯ. ಗುಳ್ಳೆಯನ್ನು ಚುಚ್ಚಿದಾಗ ವಿನೆಗರಿನಂತೆ ಹುಳಿ ನಾರುವ ದ್ರವ ಚಿಮ್ಮುತ್ತದೆ, ಆದ್ದರಿಂದ ಕಣ್ಣಿಗೆ ಕನ್ನಡಕವಿರಲೇಬೇಕು. ಪ್ರತಿಯೊಂದನ್ನೂ ಗಟ್ಟಿ ಫೈಬರ್ ಸಿಗುವವರೆಗೆ ತಟ್ಟೆಯಾಕಾರದಲ್ಲಿ ಉಜ್ಜಿ ತೆರೆದು, ಒಳ್ಳೆಯ ನೀರಿನಿಂದ ಮತ್ತೆ ಮತ್ತೆ ತೊಳೆದು, ವಾರಗಟ್ಟಲೆ ಬಿಸಿಲಿಗೆ ಬಿಟ್ಟೆ. ಕಾಫಿ ಬೀಜದ ತೇವ ನೋಡುವ ಮೀಟರು ಇಲ್ಲಿ ಕೆಲಸಕ್ಕೆ ಬಾರದು. ಒಂದು ಚದರಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ತಳಕ್ಕೆ ಅಂಟಿಸಿ ಮರುದಿನ ನೋಡಬೇಕು. ಒಳಭಾಗದಲ್ಲಿ ಹನಿ ಕಟ್ಟಿದ್ದರೆ ಇನ್ನೂ ಒಣಗಿಲ್ಲವೆಂದೇ ಅರ್ಥ. ಗುಂಡಿಗಳನ್ನು ಎಪಾಕ್ಸಿ (ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ರಾಳ) ಪುಟ್ಟಿಯಿಂದಲೇ ತುಂಬಿಸಿದೆ. ಕಾರಿನ ಟಿಂಕರಿಂಗ್ ಶೆಡ್ಡಿನ ಪುಟ್ಟಿ ಅಗ್ಗ, ಬೇಗ ಗಟ್ಟಿಯಾಗುತ್ತದೆ, ಆದರೆ ಅದು ನೀರನ್ನು ಹೀರುತ್ತದೆ.

ಬಣ್ಣಕ್ಕೆ ನಮ್ಮ ಜಿಲ್ಲೆಯಲ್ಲಿ ಒದಗುವ ಒಣ ಹವೆಯ ಅವಧಿ ಕಿರಿದು. ಜೂನ್‌ನಿಂದ ಮುಂದೆ ತಿಂಗಳುಗಟ್ಟಲೆ ಕೈಬಿಡಬೇಕು. ಕಾಫಿಯ ಹೂ ಅರಳಿಸುವ ಹೂಮಳೆಯೂ ಹೇಳಿ ಕೇಳಿ ಬರುವುದಿಲ್ಲ. ತೋಟಕ್ಕೆ ಹೂಮಳೆ ಬೇಡವೆಂದು ನಾನು ಬಯಸಿದ್ದು ಆ ಒಂದೇ ವರ್ಷ, ಮನೆಯವರೆದುರು ಅದನ್ನು ಹೇಳುವ ಧೈರ್ಯವಾಗಲಿಲ್ಲ. ಗಾಳಿಯ ತೇವಾಂಶ ಶೇ. 85ಕ್ಕಿಂತ ಕಡಿಮೆಯಿರಬೇಕು, ಬಳಿಯುವ ಮೈಯ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು ಎಂಬುದು ಎಪಾಕ್ಸಿಯ ಸಾಮಾನ್ಯ ನಿಯಮ. ಬೆಳಗಿನ ಇಬ್ಬನಿ ಆರಿದ ಮೇಲೆ, ಸುಮಾರು 10 ಗಂಟೆಗೆ ಆರಂಭಿಸಿ ಮಧ್ಯಾಹ್ನ 3ರೊಳಗೆ ನಿಲ್ಲಿಸುತ್ತಿದ್ದೆ. ಸಂಜೆಯ ತಂಪು ಇಳಿಯುವಷ್ಟರಲ್ಲಿ ಪದರವು ಕೈಗೆ ಅಂಟದಂತೆ ಆಗಿರಬೇಕು.

ಎರಡು ಡಬ್ಬಿಗಳಲ್ಲಿ ಬರುವ ಎಪಾಕ್ಸಿ ಪ್ರೈಮರನ್ನು ಕಣ್ಣಂದಾಜಿನಲ್ಲಿ ಬೆರೆಸದೆ, ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲೇ ಅಳೆದು ಬೆರೆಸಬೇಕು. ಗಟ್ಟಿಗೊಳಿಸುವ ಭಾಗವಾದ ಹಾರ್ಡ್‌ನರ್ ಹೆಚ್ಚು ಹಾಕಿದರೆ ಬೇಗ ಒಣಗುತ್ತದೆಂಬ ಪೇಂಟರುಗಳ ನಂಬಿಕೆ ಇಲ್ಲಿ ನಡೆಯುವುದಿಲ್ಲ. ಬಿಸಿಲಿಗೆ ಬೆರೆಸಿದ ಬಣ್ಣ ಡಬ್ಬಿಯಲ್ಲೇ ಕಾದು ಗಟ್ಟಿಯಾಗುವುದರಿಂದ ಸ್ವಲ್ಪಸ್ವಲ್ಪವೇ ಬೆರೆಸಿ, ಅಗಲವಾದ ಟ್ರೇಗೆ ಸುರಿದು, ಸಣ್ಣ ಫೋಮ್ ರೋಲರಿನಿಂದ ತೆಳುವಾಗಿ ಬಳಿದೆ. ಒಂದು ಪದರ ಬೂದು, ಮುಂದಿನದು ಬಿಳಿ, ಮತ್ತೆ ಬೂದು ಎಂದು ಬಣ್ಣ ಬದಲಿಸುತ್ತ ಹೋದರೆ ಬಿಟ್ಟುಹೋದ ಜಾಗ ತಾನಾಗಿ ಕಾಣುತ್ತದೆ, ಕೊನೆಯದು ಬಿಳಿ. ಒಣಗಿದ ಮೇಲೆ ಎಲ್ಲ ಸೇರಿ 250ರಿಂದ 300 ಮೈಕ್ರಾನ್ ದಪ್ಪವಿದ್ದರೆ ನೀರಿಗೆ ಸಾಕಷ್ಟು ತಡೆಯಾಗುತ್ತದೆ. ಡಬ್ಬಿಯಲ್ಲಿ ಹೇಳಿದ ಅವಧಿಯೊಳಗೆ ಮುಂದಿನ ಕೈ ಹೊಡೆದರೆ ಉಜ್ಜಬೇಕಿಲ್ಲ. ಅವಧಿ ಮೀರಿದ್ದಾಗ ಮೇಲೆ ಮೇಣದಂಥ ಜಿಡ್ಡು ಕೂತಿರುತ್ತದೆ. ಅದನ್ನು ನೀರು ಮತ್ತು ಸ್ಕ್ರಬ್ಬಿನಿಂದ ತೊಳೆದ ನಂತರವೇ ಉಜ್ಜಬೇಕು, ಇಲ್ಲವಾದರೆ ಪೇಪರು ಆ ಜಿಡ್ಡನ್ನೇ ಮೈಯೊಳಗೆ ಅರೆಯುತ್ತದೆ.

ಎಪಾಕ್ಸಿ ಬಿಸಿಲಿಗೆ ಪುಡಿಯೇಳುತ್ತದೆ. ಅದಕ್ಕಾಗಿ ನೀರಿನ ಗೆರೆಗಿಂತ ಮೇಲಿನ ಭಾಗಕ್ಕೆ ಟೇಪ್ ಹಚ್ಚಿ ಪಾಲಿಯುರೆಥೇನ್ ಬಣ್ಣ ಬಳಿದೆ. ಇದನ್ನು ಸ್ಪ್ರೇ ಮಾಡಿಸುವ ಆಸೆ ಇದ್ದರೂ, ಅದರ ಹಾರ್ಡ್‌ನರಿನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ ಬ್ರಷ್ಷಿನಲ್ಲೇ ಮುಗಿಸಿದೆ. ಸದಾ ನೀರಿನಲ್ಲಿ ಮುಳುಗಿರುವ ಭಾಗಕ್ಕೆ ಪಾಲಿಯುರೆಥೇನ್ ಹಚ್ಚಲಿಲ್ಲ, ಅಲ್ಲಿ ಅದು ಗುಳ್ಳೆ ಬಿಡುವುದುಂಟು. ಬಣ್ಣ ಪೂರ್ತಿ ಗಟ್ಟಿಯಾಗಲು ಒಂದು ವಾರ ಬಿಟ್ಟು ಕೆರೆಗಿಳಿಸಿದೆವು. ದೋಣಿಯನ್ನು ಮತ್ತೆ ಕಡಲಿಗೆ ಒಯ್ಯುವವರಾದರೆ ಇದೇ ಎಪಾಕ್ಸಿಯ ಕೊನೆಯ ಪದರ ಇನ್ನೂ ಸ್ವಲ್ಪ ಅಂಟಂಟಾಗಿರುವಾಗ ತಾಮ್ರದ ಬಣ್ಣ ಬಳಿಯಬಹುದು, ಆಗ ಎರಡೂ ಬಿಗಿಯಾಗಿ ಹಿಡಿಯುತ್ತವೆ. ಅಲ್ಯುಮಿನಿಯಂ ದೋಣಿಗೆ ಮಾತ್ರ ತಾಮ್ರ ಬೇಡ, ನೀರಿನಲ್ಲಿ ಅದು ದೋಣಿಯ ಲೋಹವನ್ನೇ ತಿನ್ನುತ್ತದೆ.

ತಳಕ್ಕೆ ಪಾಚಿ ಈಗಲೂ ಹತ್ತುತ್ತದೆ, ಆದರೆ ನುಣುಪಾದ ಎಪಾಕ್ಸಿಯ ಮೇಲಿಂದ ತೆಂಗಿನ ನಾರಿನ ಉಂಡೆಗೆ ಸುಲಭವಾಗಿ ಬಿಟ್ಟುಕೊಡುತ್ತದೆ. ಸ್ಪ್ರಿಂಕ್ಲರ್ ಓಡಿ ಕೆರೆ ಇಳಿಯುವ ತಿಂಗಳಲ್ಲಿ ದೋಣಿಯನ್ನು ದಡಕ್ಕೆಳೆದು ಬೋರಲು ಹಾಕಿ ಒಣಗಿಸುತ್ತೇವೆ. ಮರುವರ್ಷ ಹಾಗೆ ಹಾಕಿ ನೋಡಿದಾಗ ಗುಳ್ಳೆಯಿರಲಿಲ್ಲ. ಕಲ್ಲುಕಟ್ಟೆಗೆ ತಾಗುವ ಮೂತಿಯ ಕೆಳಗೆ ಬಿಳಿ ಸವೆದು ಬೂದು ಇಣುಕಿತ್ತು, ಅಷ್ಟು ಜಾಗವನ್ನು ಉಜ್ಜಿ ಮತ್ತೊಂದು ಪದರ ಕೊಟ್ಟೆ.